ಡಲ್ಲಾಸ್‌ಗೆ ಬಂದ ತಮ್ಮನಿಗೆ: ಕೋವಿ, ಕಾಗದ ಮತ್ತು ಭಾರದ ಗುಂಡು

ತಮ್ಮಾ, ಬಾಡಿಗೆ ಮನೆ, ಕಾರು, ಕ್ರೆಡಿಟ್ ಕಾರ್ಡ್ ಎಂದು ನೀನು ಕೇಳಿದ್ದಕ್ಕೆಲ್ಲ ಬೇರೆಯಾಗಿ ಬರೆಯುತ್ತೇನೆ. ಅವುಗಳಲ್ಲಿ ಎಡವಿದರೆ ದುಡ್ಡು ಹೋಗುತ್ತದೆ, ಅಷ್ಟೆ. ಕೋವಿಯ ವಿಷಯದಲ್ಲಿ ಎಡವಿದರೆ ವೀಸಾವೇ ಹೋಗುತ್ತದೆ. ಆದ್ದರಿಂದ ಮೊದಲು ಅದು. ನಿನ್ನ ಆಫೀಸಿನವನೊಬ್ಬ ಮನೆಯ ಗ್ಯಾರೇಜಿನಲ್ಲಿ 223 ರೆಮಿಂಗ್ಟನ್ ಎಂಬ ಅಳತೆಯ ರೈಫಲ್ ತೋಟಾಗಳನ್ನು ತಾನೇ ತುಂಬುತ್ತಾನೆ, ಅವುಗಳ ತುದಿಗೆ 77 ಗ್ರೇನಿನ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಭಾರದ ಗುಂಡು ಕೂರಿಸುತ್ತಾನೆ, ಶನಿವಾರ ಬಾ ಕಲಿಸುತ್ತೇನೆ ಎಂದಿದ್ದಾನೆ. “ತೀರ್ಥಹಳ್ಳಿಯ ತೋಟದಲ್ಲಿ ಅಜ್ಜಯ್ಯನ ಜೋಡುನಳಿಗೆ ಕೋವಿ ನೋಡುತ್ತ ಬೆಳೆದವನು ನಾನು, ಹೋಗಬಹುದೇ” ಎಂದು ಕೇಳಿದ್ದೀಯ.

ಈ ಶನಿವಾರ ಹೋಗಬೇಡ. ಎಚ್1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಕೊಳ್ಳುವುದು ಮಾತ್ರವಲ್ಲ, ಕೈಯಲ್ಲಿ ಹಿಡಿದಿರುವುದೂ ಇದರೊಳಗೆ ಬರಬಹುದು. ಗ್ಯಾರೇಜಿನಲ್ಲಿ ಕುಳಿತು ತೋಟಾ ತುಂಬಿದರೂ ಅದೇ ಕಥೆ. ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡಿಪಾರು. ಇದಕ್ಕಿರುವ ಮುಖ್ಯ ವಿನಾಯಿತಿ ಎಂದರೆ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲರೂ ಬೇಟೆಯಾಡಲು ಬೇಟೆ ಶಿಕ್ಷಣದ ತರಬೇತಿ ಮುಗಿಸಬೇಕು. ನಿನ್ನ ವಯಸ್ಸಿನವರು ಆನ್‌ಲೈನ್‌ನಲ್ಲೇ ಮುಗಿಸಬಹುದು. ಸಾಮಾನ್ಯ ವಾರ್ಷಿಕ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ ಸೆಪ್ಟೆಂಬರ್ 1ರಂದು ನೀನು ಮತ್ತೆ ನಿಷೇಧಿತ. ಬೇಟೆಯಾಡುವ ಆಸೆ ಇಲ್ಲದಿದ್ದರೂ ಈ ಕಾಗದ ಜೇಬಿನಲ್ಲಿರಬೇಕು.

ಇಲ್ಲಿ ಇನ್ನೊಂದು ಸಿಕ್ಕು ಇದೆ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿಂದ ಕಾಡುಹಂದಿ ಹೊಡೆಯಲು ಟೆಕ್ಸಾಸ್‌ನಲ್ಲಿ 2019ರಿಂದ ಪರವಾನಗಿಯೇ ಬೇಕಿಲ್ಲ. ನಿನ್ನ ಗೆಳೆಯ ಅದನ್ನೇ ಹೇಳುತ್ತಾನೆ, ಅವನ ಮಟ್ಟಿಗೆ ಅದು ಸರಿಯೇ. ಆದರೆ ಅದು ರಾಜ್ಯದ ಮಾತು. ನಿನ್ನನ್ನು ಕಟ್ಟಿಹಾಕಿರುವುದು ಕೇಂದ್ರದ ಕಾನೂನು. ನಿನ್ನ ಪರಿಸ್ಥಿತಿಯ ಬಗ್ಗೆ ಸಣ್ಣ ಅನುಮಾನ ಉಳಿದರೂ ವಲಸೆ ವಕೀಲರನ್ನು ಕೇಳು.

ಊರಿನಲ್ಲಿ ಕೋವಿಯ ಮೇಲೆ ಹತ್ತು ಕಣ್ಣುಗಳಿದ್ದವು. ಪರವಾನಗಿ ಪುಸ್ತಕದಲ್ಲಿ ಬರೆಸದೆ ತೋಟಾ ಸಿಗುತ್ತಿರಲಿಲ್ಲ. ಚುನಾವಣೆ ಬಂತೆಂದರೆ ಮಂಗಗಳು ಅಡಿಕೆಯನ್ನೂ ಹಂದಿಗಳು ಗದ್ದೆಯನ್ನೂ ಹಾಳು ಮಾಡುತ್ತಿದ್ದರೂ ಕೋವಿಯನ್ನು ಠಾಣೆಯಲ್ಲಿ ಜಮಾ ಮಾಡಿ ಬರಬೇಕಿತ್ತು. ಇಲ್ಲಿ ಗುಂಡು, ಮದ್ದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಎಲ್ಲವೂ ಅಂಗಡಿಯ ಕಪಾಟಿನಲ್ಲೇ ಇರುತ್ತವೆ. ನಿನ್ನ ವೀಸಾ ಯಾವುದೆಂದು ಕೇಳುವವರು ಆ ಕಪಾಟಿನ ಬಳಿ ಇರುವುದಿಲ್ಲ. ಯಾರೂ ತಡೆಯಲಿಲ್ಲ ಎಂಬುದನ್ನು ಒಪ್ಪಿಗೆ ಎಂದುಕೊಂಡು ಕೆಟ್ಟವರಿದ್ದಾರೆ. ಇಲ್ಲಿ ತಪಾಸಣೆಯ ಕೆಲಸವೆಲ್ಲ ನಿನ್ನದೇ. ಕಾಗದಕ್ಕೂ ಇದು ಸತ್ಯ, ತೋಟಾ ತುಂಬುವುದಕ್ಕೂ ಸತ್ಯ.

ಇನ್ನು ಭಾರದ ಗುಂಡಿನ ವಿಷಯ. ಇದು ನನಗೆ ತೀರಾ ಇಷ್ಟದ್ದು. ಅಜ್ಜಯ್ಯನ ಕೋವಿಯ ನಳಿಗೆ ಒಳಗೆ ನುಣುಪು, ಚರೆ ಹಾರಿಸಲು ಅಷ್ಟು ಸಾಕು. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೆರೆಗಳಿರುತ್ತವೆ, ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳಿಸುತ್ತವೆ. 223ರ ಮಾಮೂಲಿ ಗುಂಡು 55 ಗ್ರೇನ್, ಅಂದರೆ ಸುಮಾರು ಮೂರೂವರೆ ಗ್ರಾಂ. 77 ಗ್ರೇನಿನದು ಹತ್ತಿರ ಹತ್ತಿರ ಐದು ಗ್ರಾಂ. ದಪ್ಪ ಒಂದೇ ಆದ್ದರಿಂದ ಭಾರ ಹೆಚ್ಚಿದಂತೆ ಉದ್ದವೂ ಹೆಚ್ಚುತ್ತದೆ, ಉದ್ದದ ಗುಂಡಿಗೆ ಬಿಗಿಯಾದ ಸುರುಳಿ ಬೇಕು. ಅಮೆರಿಕ ಸೇನೆಯ ಹಳೆಯ ಎಂ16 ರೈಫಲ್ಲಿನ ನಳಿಗೆಯಲ್ಲಿ 12 ಇಂಚಿಗೆ ಒಂದು ಸುತ್ತು ಇತ್ತು. 55 ಗ್ರೇನಿಗೆ ಅದು ಸಾಕಾಗಿತ್ತು. 77ಕ್ಕೆ 8 ಅಥವಾ 7 ಇಂಚಿಗೆ ಒಂದು ಸುತ್ತು ಇರಬೇಕು. ಈ ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಮೇಲೆಯೇ ಒತ್ತಿರುತ್ತಾರೆ. ಹೊಂದದ ನಳಿಗೆಯಿಂದ ಹೊಡೆದರೆ ಗುಂಡು ಅಡ್ಡಡ್ಡ ಹೋಗಿ ಗುರಿಯ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಮಾಡುತ್ತದೆ.

ಭಾರದ ಗುಂಡು ಹೊರಡುವಾಗ ನಿಧಾನ. ಆದರೆ ದಾರಿಯಲ್ಲಿ ವೇಗವನ್ನು ಬೇಗ ಕಳೆದುಕೊಳ್ಳುವುದಿಲ್ಲ, ಗಾಳಿಗೂ ಕಡಿಮೆ ಸರಿಯುತ್ತದೆ. ನೂರು ಗಜದಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಕಾಣುವುದಿಲ್ಲ, ಮುನ್ನೂರು ದಾಟಿದ ಮೇಲೆ ಟೆಕ್ಸಾಸ್‌ನ ಗಾಳಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ರೈಫಲ್ಲಿಗೆ ತೋಟಾ ಉಣಿಸುವ ಪೆಟ್ಟಿಗೆಯಾದ ಮ್ಯಾಗಜೀನಿನಲ್ಲಿ ಹಿಡಿಯಬೇಕಾದರೆ ತೋಟಾದ ಒಟ್ಟು ಉದ್ದ 2.26 ಇಂಚು ಮೀರಬಾರದು. ಹಾಗಾಗಿ ಉದ್ದದ ಗುಂಡು ಹಿತ್ತಾಳೆಯ ಕೋಶದೊಳಕ್ಕೆ ಇನ್ನಷ್ಟು ಇಳಿಯುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಹಗುರ ಗುಂಡಿಗೆ ಹೇಳಿದ ಮದ್ದಿನ ಅಳತೆಯನ್ನು ಭಾರದ ಗುಂಡಿಗೆ ಹಾಕಲೇಬಾರದು ಎನ್ನುವುದು ಇದಕ್ಕೇ. ಭಾರ ಒಂದೇ ಇದ್ದರೂ ಬೇರೆ ಕಂಪನಿಯ ಗುಂಡಿನ ಉದ್ದ ಬೇರೆ ಇರಬಹುದು. ನಿನ್ನ ಗುಂಡಿನ ಮತ್ತು ನಿನ್ನ ಮದ್ದಿನ ಹೆಸರೇ ಇರುವ, ಅಚ್ಚಾದ ಕೈಪಿಡಿ ನೋಡಿ ಅದರ ಆರಂಭದ ಅಳತೆಯಿಂದ ಮೇಲಕ್ಕೆ ಹೋಗಬೇಕು. ಗೆಳೆಯ ಬಾಯಲ್ಲಿ ಹೇಳಿದ ಅಂಕಿ ಅವನ ಬಂದೂಕಿಗೆ ಸರಿ ಇರಬಹುದು, ನಿನ್ನದಕ್ಕಲ್ಲ. ಹೊಡೆದ ಮೇಲೆ ಕೇಪು ಚಪ್ಪಟೆಯಾಗಿದ್ದರೆ, ಕೋಶದ ತಳದಲ್ಲಿ ಹೊಳೆಯುವ ಗುರುತು ಮೂಡಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಕಾಗದ ಕೈಗೆ ಬಂದ ಮೇಲೆ ಅವನ ಗ್ಯಾರೇಜಿಗೆ ಹೋದಾಗ ಒಂದನ್ನು ಗಮನಿಸು. ಮದ್ದು ತೂಗುವ ಮುಂಚೆ ಅವನು ಫ್ಯಾನ್ ಆರಿಸುತ್ತಾನೆಯೇ? ಸಣ್ಣ ಗಾಳಿಗೂ ಆ ತಕ್ಕಡಿ ಅಲುಗುತ್ತದೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇದೆಯೇ? ಗುಂಡು ಕೂರಿಸುವ ಮೊದಲು ಹಲಗೆಯ ತೂತುಗಳಲ್ಲಿ ನಿಲ್ಲಿಸಿದ ಕೋಶಗಳ ಬಾಯೊಳಗೆ ಟಾರ್ಚ್ ಹಿಡಿದು, ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿದೆಯೇ ಎಂದು ನೋಡುತ್ತಾನೆಯೇ? ಇದನ್ನೆಲ್ಲ ಮಾಡುವವನಾದರೆ ಅವನಿಂದ ಕಲಿ. ಟಿವಿ ನೋಡುತ್ತ ತುಂಬುವವನಾದರೆ ಕಾಫಿ ಕುಡಿದು ಬಾ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡ.

ದುಡ್ಡು ಉಳಿಯುತ್ತದೆಯೇ ಎಂದೂ ಕೇಳಿದ್ದೀಯ. 55 ಗ್ರೇನಿನ ಮಾಮೂಲಿ ತೋಟಾವನ್ನು ಅಂಗಡಿಯಲ್ಲೇ ಕೊಳ್ಳುವುದು ಲೇಸು. ಗುರಿಸ್ಪರ್ಧೆಗೆ ಬಳಸುವ ಭಾರದ ತೋಟಾ ದುಬಾರಿ, ಮನೆಯಲ್ಲಿ ತುಂಬಿದರೆ ಉಳಿತಾಯವಾಗುವುದು ಅಲ್ಲಿ. ಹಂದಿಗೆ ಆ ಸ್ಪರ್ಧೆಯ ಗುಂಡು ಬೇಡ; ಬೇಟೆಗೆಂದೇ ಮಾಡಿದ, ಒಳಹೊಕ್ಕು ಅರಳುವ ಗುಂಡು ಬೇರೆ ಇದೆ. ಪ್ರಾಣಿ ನರಳಬಾರದು.

ಕೊನೆಯದು, ಇದನ್ನು ಮಾತ್ರ ಮರೆಯಬೇಡ ಮಾರಾಯ. ಗುರಿ ಅಭ್ಯಾಸದ ರೇಂಜಿಗೆ ಒಯ್ಯುವ ಚೀಲವೇ ಬೇರೆ, ಊರಿಗೆ ಒಯ್ಯುವ ಚೀಲವೇ ಬೇರೆ ಇರಲಿ. ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಅಪ್ಪಯ್ಯ ನಿನ್ನನ್ನು ಕರೆದೊಯ್ಯಲು ಬಂದವರು ಠಾಣೆಗೆ ಅಲೆಯುವಂತಾಗಬಾರದು. ಖಾಲಿ ಕೋಶವನ್ನೂ ಮಕ್ಕಳಿಗೆ ತೋರಿಸಲೆಂದು ಒಯ್ಯಬೇಡ. ತರಬೇತಿಗೆ ಹೆಸರು ನೋಂದಾಯಿಸಿದ ಮೇಲೆ ತಿಳಿಸು. ಬೇಟೆ ಪರವಾನಗಿ ಬಂದ ವಾರವೇ ನಾನೇ ನಿನ್ನನ್ನು ರೇಂಜಿಗೆ ಕರೆದುಕೊಂಡು ಹೋಗುತ್ತೇನೆ.