ನಾಲ್ವರ ಲ್ಯಾಪ್‌ಟಾಪ್‌ನಲ್ಲೂ ನಡೆಯುವ ವಿಡಿಯೋ ಎಡಿಟರ್ ಯಾವುದು?

ನಿಮ್ಮ ನಾಲ್ವರ ತಂಡಕ್ಕೆ ಯಾವ ಎಡಿಟರ್ ಹೊಂದುತ್ತದೆ ಎಂದು ಕೇಳಿದ್ದೀರಿ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ನೀವು ಮೊಬೈಲ್‌ನಿಂದ ಚಿತ್ರಿಸಿದ ಸಂದರ್ಶನಗಳಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತಿರುವುದಕ್ಕೆ ಕಾರಣ ಬಹುಶಃ ತಂತ್ರಾಂಶವಲ್ಲ. ಹೆಚ್ಚಿನ ಮೊಬೈಲ್‌ಗಳು ಸೆಕೆಂಡಿಗೆ ಇಷ್ಟೇ ಫ್ರೇಮ್ (ಬಿಡಿ ಚಿತ್ರ) ಎಂದು ಸಮನಾಗಿ ದಾಖಲಿಸುವುದಿಲ್ಲ; ಹಾಗಾಗಿ ಎಡಿಟಿಂಗ್ ವೇಳೆ ಚಿತ್ರವೂ ಧ್ವನಿಯೂ ಹಿಂದುಮುಂದಾಗುತ್ತವೆ. ತಂಡದ ಇಬ್ಬರ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ್‍ಯಾಮ್ ಮಾತ್ರ ಇದೆ ಎಂದಿದ್ದೀರಿ. ಆದ್ದರಿಂದ ಬಣ್ಣ ತಿದ್ದುವುದರಲ್ಲಿ ಎಷ್ಟೇ ಉತ್ತಮವಾಗಿದ್ದರೂ, ಉಚಿತ ಆವೃತ್ತಿ ಸಿಗುತ್ತದೆಂಬ ಕಾರಣಕ್ಕೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟರ್ ಆರಿಸಬೇಡಿ; ಅದಕ್ಕೆ 16 ಜಿಬಿಯಾದರೂ ಬೇಕು. ಉಚಿತವೂ ಮುಕ್ತ ತಂತ್ರಾಂಶವೂ ಆದ ಶಾಟ್‌ಕಟ್ ನಿಮಗೆ ತಕ್ಕದ್ದು.

ಮೊದಲು ನಾಲ್ವರೂ ಅದರ ಒಂದೇ ಆವೃತ್ತಿಯನ್ನು ಹಾಕಿಕೊಂಡು, ಕೆಲಸ ಆರಂಭಿಸುವ ಮೊದಲೇ ವಿಡಿಯೋ ಮೋಡ್ ಅನ್ನು 1080ಪಿ, 30 ಫ್ರೇಮ್ ಎಂದು ನಿಗದಿಪಡಿಸಿ. ಮೊಬೈಲ್ ಕಡತವನ್ನು ತೆರೆದಾಗ ಎಡಿಟಿಂಗ್‌ಗೆ ಅನುಕೂಲವಾಗುವಂತೆ ಪರಿವರ್ತಿಸಬೇಕೇ ಎಂದು ಅದು ಕೇಳಿದರೆ ಒಪ್ಪಿಕೊಳ್ಳಿ. ಪರಿವರ್ತಿತ ಕಡತ ಮೂಲಕ್ಕಿಂತ ದೊಡ್ಡದಾಗುವುದರಿಂದ ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಅನಂತರ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆಯ್ಕೆಯನ್ನು ಚಾಲೂ ಮಾಡಿದರೆ, ಹಳೆಯ ಲ್ಯಾಪ್‌ಟಾಪ್‌ಗಳೂ ಚಿಕ್ಕ ಪ್ರತಿಯನ್ನಿಟ್ಟುಕೊಂಡು ಸಾಕಷ್ಟು ಸರಾಗವಾಗಿ ಕೆಲಸ ಮಾಡುತ್ತವೆ.

ಪ್ರಾಜೆಕ್ಟ್ ಕಡತವನ್ನೂ ಎಲ್ಲ ವಿಡಿಯೋಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಪೆನ್‌ಡ್ರೈವ್‌ನಲ್ಲಿ ಇಡೀ ಫೋಲ್ಡರನ್ನೇ ಸಾಗಿಸಿ. ಇಲ್ಲದಿದ್ದರೆ ಇನ್ನೊಬ್ಬರ ಯಂತ್ರದಲ್ಲಿ ಕಡತ ಸಿಗುತ್ತಿಲ್ಲವೆಂಬ ಸಂದೇಶವೇ ಬರುತ್ತದೆ. ಒಂದು ಪ್ರಾಜೆಕ್ಟನ್ನು ಇಬ್ಬರು ಏಕಕಾಲಕ್ಕೆ ತಿದ್ದಲೇಬಾರದು. ದೃಶ್ಯಗಳನ್ನು ಹಂಚಿಕೊಂಡು, ಜೋಡಣೆಯನ್ನು ಹೆಚ್ಚು ರ್‍ಯಾಮ್ ಇರುವವರಿಗೆ ಬಿಡಿ.

ಇಂದೇ ಅತಿ ಉದ್ದದ ಸಂದರ್ಶನವೊಂದನ್ನು ಪರಿವರ್ತಿಸಿ, ಅದರ ಕೊನೆಯ ಭಾಗವನ್ನು ನೋಡಿ: ಬಂಗುಡೆಯ ಬುಟ್ಟಿ ನೆಲಕ್ಕೆ ತಾಗುವ ಕ್ಷಣವೇ ಸದ್ದೂ ಕೇಳಿಸಿದರೆ ಉಳಿದ ಕಡತಗಳನ್ನೂ ಹಾಗೆಯೇ ಪರಿವರ್ತಿಸಿಕೊಳ್ಳಿ.