ಬ್ರಿಟನ್ನಿನ ಇ-ಬಾರ್ಡರ್ಸ್: 83 ಕೋಟಿ ಪೌಂಡ್ ಎಲ್ಲಿ ಹೋಯಿತು?

ವಲಸೆ ಬಂದವರ ಲೆಕ್ಕ ಇಡೋಕೆ ಸರ್ಕಾರಗಳು ಕಂಪ್ಯೂಟರ್ ಯೋಜನೆಗಳಿಗೆ ಅಷ್ಟೊಂದು ದುಡ್ಡು ಸುರಿಯುತ್ತವಲ್ಲ, ಕೊನೆಗೆ ಸಿಗುವುದೇನು ಅಂತ ಕೇಳಿದ್ದೀರಿ. ನಾನು 2010ರಲ್ಲಿ ಓದಲು ಬ್ರಿಟನ್ನಿಗೆ ಬಂದವನು. ಈಗ ಇಲ್ಲೇ ಸಾಫ್ಟ್‌ವೇರ್ ಕೆಲಸ. ಹಾಗಾಗಿ ಇಲ್ಲಿನ ಒಂದು ಯೋಜನೆಯ ಕತೆಯನ್ನೇ ಹೇಳುತ್ತೇನೆ.

ದೇಶ ಬಿಟ್ಟು ಹೊರಡುವವರ ಪಾಸ್‌ಪೋರ್ಟ್ ನೋಡುವುದನ್ನು ಬ್ರಿಟನ್ 1994 ಮತ್ತು 1998ರಲ್ಲಿ ಎರಡು ಹಂತದಲ್ಲಿ ನಿಲ್ಲಿಸಿಬಿಟ್ಟಿತು. ಬಂದವರು ಯಾರು ಅಂತ ಗೊತ್ತು, ಹೋದವರು ಯಾರು ಅಂತ ಗೊತ್ತಿಲ್ಲ. ಬಾಗಿಲಲ್ಲಿ ನೆಂಟರನ್ನು ಎಣಿಸಿ ಒಳಗೆ ಕರೆದು, ಹಿತ್ತಿಲ ಬಾಗಿಲನ್ನು ಮರೆತ ಹಾಗೆ. ಇದನ್ನು ಸರಿ ಮಾಡೋಕೆ 2003ರಲ್ಲಿ ಇ-ಬಾರ್ಡರ್ಸ್ ಯೋಜನೆ ಶುರುವಾಯಿತು. ವಿಮಾನ, ಹಡಗು, ರೈಲು ಕಂಪನಿಗಳು ಪ್ರತಿ ಪ್ರಯಾಣಿಕರ ವಿವರವನ್ನೂ ಮೊದಲೇ ಕಳಿಸಬೇಕು, ಅದನ್ನು ಕಂಪ್ಯೂಟರ್ ಶಂಕಿತರ ಪಟ್ಟಿಯ ಜತೆ ತಾಳೆ ನೋಡಬೇಕು. 2007ರ ನವೆಂಬರ್‌ನಲ್ಲಿ ಅಮೆರಿಕದ ರೇಥಿಯನ್ ಕಂಪನಿಯ ಮುಂದಾಳತ್ವದ ಗುಂಪಿಗೆ ಸುಮಾರು 75 ಕೋಟಿ ಪೌಂಡ್‌ಗಳ ಕಾಂಟ್ರಾಕ್ಟ್ ಕೊಟ್ಟರು. 2010ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು.

ಯಾಕೆ ಹೀಗಾಯಿತು? ನನ್ನ ಮಟ್ಟಿಗೆ ಮುಖ್ಯವಾದದ್ದು ಇದು: ತೊಂದರೆ ಬರೀ ಕೋಡ್‌ನದ್ದಾಗಿರಲಿಲ್ಲ. ಆಗ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿತ್ತು. ಒಕ್ಕೂಟದ ಪ್ರಜೆಗಳಿಗೆ ಓಡಾಡುವ ಹಕ್ಕಿತ್ತು. ವಿವರ ಕೊಡದಿದ್ದರೆ ಬರಬೇಡಿ ಅಂತ ಅವರನ್ನು ತಡೆಯೋಕೆ ಆಗುತ್ತಿರಲಿಲ್ಲ. ಕಾರಲ್ಲಿ ಬಂದು ನೇರ ಹಡಗು ಹತ್ತುವವರ ವಿವರವನ್ನು ಕ್ಯೂ ಬೆಳೆಯದ ಹಾಗೆ ತೆಗೆದುಕೊಳ್ಳುವುದು ಹೇಗೆ ಅನ್ನುವುದಕ್ಕೂ ಸರಿಯಾದ ಉತ್ತರವಿರಲಿಲ್ಲ. ಸುಮಾರು 600 ಸಾರಿಗೆ ಕಂಪನಿಗಳನ್ನು ಒಪ್ಪಿಸಬೇಕಿತ್ತು. ಇಷ್ಟೆಲ್ಲ ಬಗೆಹರಿಯುವ ಮೊದಲೇ ತಾರೀಖು ಬರೆದು ಸಹಿ ಹಾಕಿದರು. ಈ ಕೆಲಸದಲ್ಲಿರುವ ಯಾರಿಗಾದರೂ ಇದನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಬಳಸಬೇಕಾದವರನ್ನು ಮೊದಲು ಕೂರಿಸಿ ಕೇಳುವುದು ಎಲ್ಲಕ್ಕಿಂತ ಅಗ್ಗದ ಕೆಲಸ ಅಲ್ವಾ? ಅದನ್ನೇ ಸರಿಯಾಗಿ ಮಾಡಲಿಲ್ಲ. ಜತೆಗೆ, ಈ ಯೋಜನೆ ಮತ್ತು ಅದರ ಮುಂದುವರಿಕೆಗೆ 2003ರಿಂದ 2015ರವರೆಗೆ ಎಂಟು ಮಂದಿ ನಿರ್ದೇಶಕರು ಬಂದುಹೋದರು.

ದುಡ್ಡಿನ ವಿಷಯಕ್ಕೆ ಬರೋಣ. ಕಂಪನಿಯ ಜತೆ ಜಗಳ ಮಧ್ಯಸ್ಥರ ಮುಂದೆ ಹೋಗಿ, 2015ರಲ್ಲಿ 15 ಕೋಟಿ ಪೌಂಡ್ ಕೊಟ್ಟು ರಾಜಿ ಆಯಿತು. ವಕೀಲರ ಖರ್ಚು ಮತ್ತೆ ಸುಮಾರು 3.5 ಕೋಟಿ ಪೌಂಡ್. ಅದೇ ವರ್ಷ ಡಿಸೆಂಬರ್‌ನಲ್ಲಿ ನ್ಯಾಷನಲ್ ಆಡಿಟ್ ಆಫೀಸ್, ಅಂದರೆ ನಮ್ಮ ಸಿಎಜಿ ಇದ್ದ ಹಾಗೆ, ಒಟ್ಟು ಖರ್ಚು ಕಡಿಮೆ ಎಂದರೂ 83 ಕೋಟಿ ಪೌಂಡ್ ಎಂದಿತು. ಈಗಿನ ಲೆಕ್ಕದಲ್ಲಿ 8,000 ಕೋಟಿ ರೂಪಾಯಿಗೂ ಜಾಸ್ತಿ. ಎಲ್ಲವೂ ನೀರಿಗೆ ಹೋಯಿತು ಅಂತ ಹೇಳಿದರೆ ತಪ್ಪಾಗುತ್ತದೆ. 2015ರ ಹೊತ್ತಿಗೆ, ಬರುವವರಲ್ಲಿ 86% ಜನರ ವಿವರ ಮೊದಲೇ ಸಿಗುತ್ತಿತ್ತು. ಆದರೆ ಬದಲಾಗಬೇಕಿದ್ದ ಶಂಕಿತರ ಪಟ್ಟಿಯ ಕಂಪ್ಯೂಟರ್ 1990ರ ದಶಕದ್ದೇ ಇನ್ನೂ ಓಡುತ್ತಿತ್ತು. ಏಳು ವರ್ಷ ಬಾಳಿದರೆ ಸಾಕು ಅಂತ ಕಟ್ಟಿದ್ದ ವ್ಯವಸ್ಥೆ ಅದು.

ಈ ಕತೆಯಲ್ಲಿ ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಡುವುದು ಬೇರೆ ಎರಡು ಸಂಗತಿ.

ಒಂದು, 2010ರಲ್ಲೇ ಲಂಡನ್ನಿನ ಕ್ರಾಯ್ಡನ್‌ನ ಕಚೇರಿ ಕಟ್ಟಡದಲ್ಲಿದ್ದ ಹಳೆಯ ಲ್ಯಾಂಡಿಂಗ್ ಕಾರ್ಡುಗಳನ್ನು ಹೋಮ್ ಆಫೀಸ್, ಅಂದರೆ ಇಲ್ಲಿನ ಗೃಹ ಇಲಾಖೆ, ನಾಶ ಮಾಡಿತು. ದಶಕಗಳ ಹಿಂದೆ ಕೆರಿಬಿಯನ್ ದ್ವೀಪಗಳಿಂದ ಹಡಗಲ್ಲಿ ಬಂದವರ ಹೆಸರು, ಬಂದ ದಿನ ಅವುಗಳಲ್ಲಿತ್ತು. ಬಂದ ದಿನ ಹುಡುಕೋಕೆ ಅವು ಬೇಕಾಗುತ್ತಿದ್ದವು ಅಂತ ಅಲ್ಲಿ ಕೆಲಸ ಮಾಡಿದವರೇ ಆಮೇಲೆ ಹೇಳಿದರು. ಮಕ್ಕಳಾಗಿ ಬಂದು ಇಲ್ಲೇ ಮುದುಕರಾದವರಿಗೆ ದಾಖಲೆ ತೋರಿಸಿ ಎಂದರು. ಕೆಲಸ ಹೋಯಿತು, ಚಿಕಿತ್ಸೆ ನಿಂತಿತು, ಕೆಲವರನ್ನು ದೇಶದಿಂದಲೇ ಹೊರಹಾಕಿದರು. 2018ರಲ್ಲಿ ಇದು ವಿಂಡ್‌ರಶ್ ಹಗರಣವಾಗಿ ಬಯಲಾಯಿತು (ವಿಂಡ್‌ರಶ್ ಅಂದರೆ ಅವರನ್ನು ಕರೆತಂದ ಹಡಗುಗಳಲ್ಲೊಂದು). ಕೋಟಿಗಟ್ಟಲೆ ಸುರಿದದ್ದು ಲೆಕ್ಕ ಇಡೋಕೆ. ಕೈಯಲ್ಲಿದ್ದ ಲೆಕ್ಕವನ್ನೇ ಕಾಪಾಡಲಿಲ್ಲ.

ಎರಡನೆಯದು ನಮ್ಮಂಥ ವಿದ್ಯಾರ್ಥಿಗಳದ್ದು. ಹೋದವರ ಸರಿಯಾದ ಲೆಕ್ಕ ಇಲ್ಲದ ಕಾರಣ, ಆಗ ವಿಮಾನ ನಿಲ್ದಾಣಗಳಲ್ಲಿ ಕೆಲವರನ್ನು ನಿಲ್ಲಿಸಿ ಕೇಳುವ ಸಮೀಕ್ಷೆಯೇ ಆಧಾರವಾಗಿತ್ತು. ಅದರ ಮೇಲೆ, ಬಹಳಷ್ಟು ವಿದ್ಯಾರ್ಥಿಗಳು ವೀಸಾ ಮುಗಿದರೂ ಇಲ್ಲೇ ಉಳಿದುಬಿಡುತ್ತಾರೆ ಎಂಬ ಮಾತು ಹಬ್ಬಿತು. 2012ರ ಏಪ್ರಿಲ್‌ನಲ್ಲಿ ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ವೀಸಾ ನಿಲ್ಲಿಸಿದರು. ಕಾರಣ ಇದೊಂದೇ ಅಲ್ಲ, ಆದರೆ ಆಗ ಈ ಅನುಮಾನ ಎಲ್ಲೆಲ್ಲೂ ಇತ್ತು. 2015ರ ಏಪ್ರಿಲ್‌ನಲ್ಲಿ ಹೊರಡುವವರ ತಪಾಸಣೆ ಮತ್ತೆ ಶುರುವಾಯಿತು. 2017ರಲ್ಲಿ ಅದರ ಅಂಕಿ ಹೊರಬಂತು. ಹಿಂದಿನ ಒಂದು ವರ್ಷದಲ್ಲಿ ವೀಸಾ ಮುಗಿದ ಸುಮಾರು 1.81 ಲಕ್ಷ ವಿದ್ಯಾರ್ಥಿಗಳಲ್ಲಿ 97.4% ಜನ ಹೊತ್ತಿಗೆ ಸರಿಯಾಗಿ ಹೊರಟುಹೋಗಿದ್ದರು.

ಆ ಕೆಲಸದ ವೀಸಾ ಹೊಸ ಹೆಸರಲ್ಲಿ ವಾಪಸ್ ಬಂದದ್ದು 2021ರಲ್ಲಿ. ಅಷ್ಟು ಹೊತ್ತಿಗೆ ನನ್ನ ಜತೆ ಓದಿದ ಹಾಸನದ ಗೆಳೆಯ ಊರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಅವನ ಅಪ್ಪ ಜಮೀನಿನ ಮೇಲೆ ಸಾಲ ಮಾಡಿ ಕಳಿಸಿದ್ದರು. ಎರಡು ವರ್ಷ ದುಡಿದು ತೀರಿಸುತ್ತೇನೆ ಅಂದುಕೊಂಡಿದ್ದ. 2012ರಲ್ಲಿ ವೀಸಾ ಮುಗಿಯುವ ಮೂರು ದಿನ ಮೊದಲೇ ಹೊರಟ. ಹೀಥ್ರೂಗೆ ಬಿಡೋಕೆ ನಾನೇ ಹೋಗಿದ್ದೆ. ಅವನು ನಿಯಮದಂತೆ ಹೋದ ಅಂತ ಗುರುತು ಹಾಕಿಕೊಳ್ಳುವ ಇಮಿಗ್ರೇಷನ್ ಕೌಂಟರ್ ಅವತ್ತು ಅಲ್ಲಿರಲಿಲ್ಲ.