ಬೇರೆ ಬೇರೆ ಆಸ್ಪತ್ರೆಗಳಲ್ಲಿ ಪೇಸ್‌ಮೇಕರ್ ಬಳಕೆಯ ಸಮೀಕ್ಷೆ ಮಾಡುವಾಗ ಏನನ್ನು ಎಣಿಸಬೇಕು?

ಮೊದಲು ಹೊಸ ಅಳವಡಿಕೆ ಮತ್ತು ಬದಲಾವಣೆಗಳನ್ನು ಬೇರ್ಪಡಿಸಿ. 2009ರ ವಿಶ್ವ ಸಮೀಕ್ಷೆ 61 ದೇಶಗಳಿಂದ ಹತ್ತು ಲಕ್ಷಕ್ಕೂ ತುಸು ಹೆಚ್ಚು ಪೇಸ್‌ಮೇಕರ್‌ಗಳನ್ನು ಲೆಕ್ಕ ಹಾಕಿತು. ಅದರಲ್ಲಿ ಹೊಸವು 7,37,840, ಉಳಿದವು ಹಳೆಯದರ ಬದಲಿಗೆ ಅಳವಡಿಸಿದವು. ಎರಡನ್ನೂ ಕೂಡಿಸಿ ಹೇಳಿದರೆ ಎಷ್ಟು ಹೊಸ ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು ಎಂಬುದೇ ಗೊತ್ತಾಗುವುದಿಲ್ಲ.

ಒಂದೊಂದು ಅಳವಡಿಕೆಗೂ ಒಂದು ಸಾಲು ಇರಲಿ: ದಿನಾಂಕ, ವಯಸ್ಸು, ಲಿಂಗ, ಊರು, ಕಾರಣ (ಹೃದಯದೊಳಗೆ ವಿದ್ಯುತ್ ಸಂಕೇತ ಸಾಗುವ ದಾರಿಯಲ್ಲಿನ ತಡೆಯೋ, ಬಡಿತ ಶುರುಮಾಡುವ ಸೈನಸ್ ನೋಡ್‌ನ ತೊಂದರೆಯೋ), ವಿವಿಐ (ಕೆಳಕೋಣೆಗೆ ಮಾತ್ರ ಪೇಸಿಂಗ್) ಅಥವಾ ಡಿಡಿಡಿಯಂಥ (ಮೇಲಿನ, ಕೆಳಗಿನ ಎರಡೂ ಕೋಣೆಗಳಿಗೆ) ಮೋಡ್, ಹೃದಯಕ್ಕೆ ಹೋಗುವ ತಂತಿಗಳಾದ ಲೀಡ್‌ಗಳ ಸಂಖ್ಯೆ, ಸಾಧನದ ಸೀರಿಯಲ್ ನಂಬರು. ಈ ನಂಬರು ಪೆಟ್ಟಿಗೆಯೊಳಗಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಒಂದೇ ಸಾಧನ ಎರಡು ಬಾರಿ ಎಣಿಕೆಯಾಗಿದ್ದರೆ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಅಳವಡಿಕೆ ನಡೆಯುವ ಕ್ಯಾಥ್ ಲ್ಯಾಬಿನ ರಿಜಿಸ್ಟರನ್ನು ಖರೀದಿ ಬಿಲ್ಲಿನ ಜೊತೆ ತಾಳೆ ನೋಡಿ. ಬಿಲ್ಲು ಮಾತ್ರ ನಂಬಿದರೆ ಕಪಾಟಿನಲ್ಲೇ ಉಳಿದ ಸಾಧನಗಳೂ ಸೇರಿಕೊಳ್ಳುತ್ತವೆ. ರಿಜಿಸ್ಟರಿನಲ್ಲಿ ತಾತ್ಕಾಲಿಕ ಪೇಸಿಂಗ್, ಲೀಡ್ ಸರಿಪಡಿಸಿದ್ದು, ಐಸಿಡಿ (ಅಪಾಯದ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ), ಸಿಆರ್‌ಟಿ (ಹೃದಯದ ಎರಡೂ ಕೆಳಕೋಣೆಗಳನ್ನು ಒಟ್ಟಿಗೆ ಬಡಿಸುವ ಸಾಧನ) ಎಲ್ಲವೂ ಕಲೆತಿರುತ್ತವೆ. ಅವನ್ನು ಪ್ರತ್ಯೇಕ ಗುಂಪುಗಳಾಗಿ ಬರೆಯಿರಿ.

ದರವನ್ನು ಹತ್ತು ಲಕ್ಷ ಜನಸಂಖ್ಯೆಗೆ ಹೊಸ ಅಳವಡಿಕೆ ಎಷ್ಟು ಎಂದು ತೆಗೆಯುವುದು ರೂಢಿ. ಆದರೆ ಆಸ್ಪತ್ರೆ ಇರುವ ಜಿಲ್ಲೆಯನ್ನಲ್ಲ, ರೋಗಿ ವಾಸಿಸುವ ಜಿಲ್ಲೆಯನ್ನು ಹಿಡಿಯಿರಿ. ಇಲ್ಲವಾದರೆ ರಾಯಚೂರಿನಿಂದ ಬಂದವರೂ ಬೆಂಗಳೂರಿನ ಲೆಕ್ಕಕ್ಕೆ ಹೋಗಿ, ಸೌಲಭ್ಯ ನಿಜವಾಗಿ ಬೇಕಿರುವ ಜಾಗವೇ ಮರೆಯಾಗುತ್ತದೆ. ಜಿಲ್ಲೆಗಳನ್ನು ಹೋಲಿಸುವಾಗ ಅಲ್ಲಿನ ಜನರ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸುವ ವಯೋಮಾನದ ಹೊಂದಾಣಿಕೆಯೂ ಬೇಕು, ಏಕೆಂದರೆ ಪೇಸ್‌ಮೇಕರ್ ಹೆಚ್ಚಾಗಿ ಬೇಕಾಗುವುದು ಅರವತ್ತು ದಾಟಿದವರಿಗೆ.